ಮೊದಲು ಅಂಪೈರ್, ಆಮೇಲೆ ಆಟ

ಟೆಲಿಕಾಂ ಸುಧಾರಣೆಗೆ ಹೊರಟ ಬಡ ದೇಶ ಮೊದಲು ಖಾಸಗಿಯವರನ್ನು ಒಳಗೆ ಬಿಡಬೇಕೋ, ನಿಯಂತ್ರಣ ಸಂಸ್ಥೆ ಕಟ್ಟಬೇಕೋ ಅಂತ ಕೇಳಿದ್ದೀರಿ. ನನ್ನ ಪ್ರಕಾರ ನಿಯಂತ್ರಣ ಸಂಸ್ಥೆಯೇ ಮೊದಲು.

ಭಾರತದ ಅನುಭವ ನೋಡಿ. 1994ರ ನೀತಿ ಖಾಸಗಿಯವರಿಗೆ ಬಾಗಿಲು ತೆರೆಯಿತು. ಟೆಲಿಕಾಂ ನಿಯಂತ್ರಣ ಸಂಸ್ಥೆಯಾದ ಟ್ರಾಯ್ ಬಂದಿದ್ದು 1997ರಲ್ಲಿ. ಅಲ್ಲಿವರೆಗೆ ನಿಯಮ ಮಾಡುವುದು, ಲೈಸೆನ್ಸ್ ಕೊಡುವುದು, ದೇಶದ ಬಹುಪಾಲು ಫೋನ್ ಸೇವೆ ನಡೆಸುವುದು ಎಲ್ಲ ಸರ್ಕಾರದ ಒಂದೇ ಇಲಾಖೆಯ, ಅಂದರೆ ದೂರಸಂಪರ್ಕ ಇಲಾಖೆಯ, ಕೈಯಲ್ಲಿತ್ತು. ಆಡುವವನೇ ಅಂಪೈರ್ ಆದರೆ ಹೊಸಬರಿಗೆ ನ್ಯಾಯ ಸಿಗುವುದು ಕಷ್ಟ, ಅಲ್ವಾ?

ಲೈಸೆನ್ಸ್‌ನಿಂದಲೇ ಖಜಾನೆ ತುಂಬಿಸುವ ಆಸೆಯೂ ಬೇಡ. ಇಲ್ಲಿ ಕಂಪನಿಗಳು ಲೈಸೆನ್ಸ್ ಟೆಂಡರಿನಲ್ಲಿ ಶಕ್ತಿ ಮೀರಿದ ಮೊತ್ತ ಬರೆದವು, ಆಮೇಲೆ ಕಟ್ಟಲಾಗದೆ ಒದ್ದಾಡಿದವು. 1999ರ ನೀತಿ ನಿಗದಿತ ಶುಲ್ಕ ಬಿಟ್ಟು ಆದಾಯದಲ್ಲಿ ಪಾಲು ಕೇಳಿತು. ಮೊಬೈಲ್ ಸಾಮಾನ್ಯರ ಕೈಗೆ ಬಂದದ್ದು ಅದಾದ ಮೇಲೆ.

ಇಂಟರ್‌ಕನೆಕ್ಷನ್, ಅಂದರೆ ಒಂದು ಕಂಪನಿಯ ಜಾಲವನ್ನು ಇನ್ನೊಂದರ ಜಾಲಕ್ಕೆ ಜೋಡಿಸುವ ಷರತ್ತನ್ನಂತೂ ಮೊದಲೇ ಬರೆದಿಡಬೇಕು. ಹೊಸ ಕಂಪನಿಯ ಕರೆಯನ್ನು ತನ್ನ ಜಾಲಕ್ಕೆ ಸೇರಿಸಿಕೊಳ್ಳಲು ಹಳೇ ಕಂಪನಿ ಸುಮ್ನೆ ತಡ ಮಾಡಿದರೂ ಸಾಕು, ಹೊಸಬರು ಮುಳುಗುತ್ತಾರೆ. ಯಾರಿಗೂ ಕರೆ ಹೋಗದ ಫೋನನ್ನು ಯಾರು ಕೊಳ್ಳುತ್ತಾರೆ?