ಕೆರೆಗೆ ಬಂದ ಹಕ್ಕಿ ಅಲ್ಲೇ ಮರಿ ಮಾಡುತ್ತಿದೆ ಅಂತ ಹೇಗೆ ತಿಳಿಯುವುದು?

ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸುವ ನೀರು, ಬಂದ ಮೇಲೆ ನಿಮ್ಮೂರ ಕೆರೆಯಲ್ಲಿ ಹೆಜ್ಜಾರ್ಲೆ (ಪೆಲಿಕನ್), ಗುಳುಮುಳುಕ (ಲಿಟಲ್ ಗ್ರೀಬ್), ನಾಮದ ಕೋಳಿ (ಕೂಟ್) ಎಲ್ಲ ಕಾಣಿಸುತ್ತಿವೆ, ಅವು ಇಲ್ಲೇ ನೆಲೆ ನಿಂತಿವೆಯೇ, ನಮ್ಮಂಥವರು ಬರೆದಿಟ್ಟ ಲೆಕ್ಕಕ್ಕೆ ಬೆಲೆ ಉಂಟೇ ಅಂತ ಕೇಳಿದ್ದೀರಿ. ನಾನೂ ಕೋಲಾರ ತಾಲ್ಲೂಕಿನವನೇ. ವಿಜ್ಞಾನಿಯಲ್ಲ. ಐದಾರು ವರ್ಷದಿಂದ ಭಾನುವಾರ ಬೆಳಗ್ಗೆ ನಮ್ಮೂರ ಕೆರೆ ಏರಿ ಮೇಲೆ ನಿಂತು ಹಕ್ಕಿ ಎಣಿಸುತ್ತೇನೆ. ಲೆಕ್ಕಕ್ಕೆ ಖಂಡಿತ ಬೆಲೆ ಇದೆ. ಆದರೆ ಹಕ್ಕಿ ಕಂಡಿತು ಅನ್ನುವುದು ಬೇರೆ, ಮರಿ ಮಾಡಿತು ಅನ್ನುವುದು ಬೇರೆ. ಎರಡನ್ನೂ ಬೇರೆ ಬೇರೆ ಬರೆಯಬೇಕು.

ಹೆಜ್ಜಾರ್ಲೆಯನ್ನೇ ತಗೊಳ್ಳಿ. ಮೀನಿರುವ ಕಡೆಗೆ ಎಷ್ಟೋ ದೂರದಿಂದ ಹಾರಿ ಬರುತ್ತದೆ. ಗೂಡು ಕಟ್ಟುವುದು ಮಾತ್ರ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಂಥ ಕಡೆ, ದೊಡ್ಡ ಮರಗಳ ಮೇಲೆ, ಗುಂಪುಗುಂಪಾಗಿ. ನಿಮ್ಮ ಕೆರೆಯಲ್ಲಿ ಐವತ್ತು ಹೆಜ್ಜಾರ್ಲೆ ತೇಲುತ್ತಿದ್ದರೂ ಮರದ ಮೇಲೆ ಗೂಡು ಕಾಣುವ ತನಕ ಆ ಕೆರೆ ಅವಕ್ಕೆ ಊಟದ ಮನೆ, ಬಾಣಂತಿ ಮನೆಯಲ್ಲ.

ಗುಳುಮುಳುಕದ ಕಥೆ ಬೇರೆ. ಜೊಂಡಿನ ಅಂಚಿನಲ್ಲಿ, ನೀರಿನ ಮೇಲೆ ಕೊಳೆತ ಕಳೆಯ ಗುಪ್ಪೆಯೊಂದು ತೇಲುತ್ತಿರುತ್ತದೆ, ಅದೇ ಗೂಡು. ಒಮ್ಮೆ ಏರಿಯಿಂದ ದುರ್ಬೀನಿನಲ್ಲಿ ನೋಡುತ್ತಿದ್ದೆ. ಒಂದು ಎಮ್ಮೆ ನೀರಿಗಿಳಿಯಿತು. ಕಾವಿಗೆ ಕೂತಿದ್ದ ಹಕ್ಕಿ ಎದ್ದು ನಿಂತು, ಕೊಕ್ಕಿನಿಂದ ಪಟಪಟನೆ ಒದ್ದೆ ಕಳೆ ಎಳೆದು ಮೊಟ್ಟೆಗಳ ಮೇಲೆ ಹೊದಿಸಿ, ಸದ್ದಿಲ್ಲದೆ ನೀರಿಗೆ ಜಾರಿತು. ಗೂಡಿದೆ ಅಂತ ಗೊತ್ತಿದ್ದ ನನ್ನ ಕಣ್ಣಿಗೂ ಆಮೇಲೆ ಕಂಡದ್ದು ಬರೀ ಗುಪ್ಪೆ. ಎಮ್ಮೆ ಆಚೆ ಹೋದ ಮೇಲೆ ಬಂದು ಹೊದಿಕೆ ಸರಿಸಿ ಮತ್ತೆ ಕೂತಿತು. ಕೆಲವು ವಾರದ ನಂತರ ಪಟ್ಟೆಪಟ್ಟೆ ಮರಿಗಳು ತಾಯಿಯ ಬೆನ್ನೇರಿ ಸವಾರಿ ಹೊರಟಿದ್ದವು. ಅವತ್ತು ನನ್ನ ಪುಸ್ತಕದಲ್ಲಿ ‘ಖಚಿತ’ ಅಂತ ಬರೆದೆ. ನಾಮದ ಕೋಳಿಗೂ ಹಾಗೇ, ಕೆಂಪು ತಲೆಯ ಪುಟ್ಟ ಮರಿಗಳು ಕಂಡರೆ ಅನುಮಾನವೇ ಬೇಡ.

ಹಕ್ಕಿ ನೋಡುವವರು ತಮ್ಮ ಪಟ್ಟಿ ಹಾಕುವ ಇ-ಬರ್ಡ್ ಎಂಬ ಜಾಲತಾಣದಲ್ಲಿ ಇದಕ್ಕೆಂದೇ ಸಂಕೇತಗಳಿವೆ. ತಕ್ಕ ಜಾಗದಲ್ಲಿ ಹಾಡುತ್ತಿದ್ದರೆ ‘ಸಾಧ್ಯ’, ಜೋಡಿಯಾಗಿ ಪ್ರಣಯದಾಟ ಆಡುತ್ತಿದ್ದರೆ ‘ಬಹುಶಃ’, ಬಾಯಲ್ಲಿ ಗುಟುಕು ಹಿಡಿದು ಮರಿಗೆ ಒಯ್ಯುತ್ತಿದ್ದರೆ, ಮೊಟ್ಟೆ ಮರಿ ಕಂಡರೆ ‘ಖಚಿತ’. ಗೂಡಿನ ಹತ್ತಿರ ಹೋಗಲೇಬೇಡಿ. ನೀವು ಹೋದ ದಾರಿಯಲ್ಲೇ ಕಾಗೆ ಬರುತ್ತದೆ. ಗೂಡಿನ ಫೋಟೋವನ್ನು ವಾಟ್ಸಾಪ್‌ಗೂ ಹಾಕಬೇಡಿ.

ಇನ್ನು ನೆಲೆ ಬದಲಾಯಿತೇ ಅನ್ನುವ ಮಾತು. ಅದು ಒಂದು ಸಲದ ಲೆಕ್ಕದಿಂದ ತಿಳಿಯುವುದಿಲ್ಲ. ಬ್ರಿಟನ್ನಿನಲ್ಲಿ 1968ರಿಂದ 72ರವರೆಗೆ ಸ್ವಯಂಸೇವಕರು ಇಡೀ ದೇಶವನ್ನು 10 ಕಿ.ಮೀ. ಚೌಕಗಳಾಗಿ ಹಂಚಿಕೊಂಡು, ಯಾವ ಹಕ್ಕಿ ಎಲ್ಲಿ ಮರಿ ಮಾಡುತ್ತದೆ ಅಂತ ಹುಡುಕಿದರು. 1988–91ರಲ್ಲಿ ಅವೇ ಚೌಕಗಳಿಗೆ ಮತ್ತೆ ಹೋದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ, ದಕ್ಷಿಣ ಭಾಗದ ಹಕ್ಕಿಗಳ ಉತ್ತರದ ಎಲ್ಲೆ ಸರಾಸರಿ 19 ಕಿ.ಮೀ. ಇನ್ನಷ್ಟು ಉತ್ತರಕ್ಕೆ ಸರಿದಿದ್ದು ಗೊತ್ತಾಯಿತು. ನಮ್ಮಲ್ಲೂ ಮೈಸೂರು ನಗರದಲ್ಲಿ 2014–16ರಲ್ಲಿ, ಕೇರಳದಲ್ಲಿ 2015–20ರಲ್ಲಿ ಹಕ್ಕಿಪ್ರಿಯರೇ ಚೌಕ ಹಾಕಿಕೊಂಡು ಹಕ್ಕಿಗಳ ನಕ್ಷೆ ಮಾಡಿದ್ದಾರೆ. ಮೊದಲ ಲೆಕ್ಕ ಇದ್ದರೆ ತಾನೇ ಎರಡನೆಯದಕ್ಕೆ ಅರ್ಥ?

ಈ ವಿಷಯದಲ್ಲಿ ನನಗೊಂದು ಕೊರಗಿದೆ. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು, ಆಮೇಲೆ ಒಂದೊಂದಾಗಿ ನಮ್ಮ ಕಡೆಯ ಕೆರೆಗಳು ತುಂಬಿದವು. ಅದಕ್ಕೂ ಮುಂಚೆ ನಮ್ಮ ಕೆರೆಯಂಗಳ ಒಣಗಿ, ಅರ್ಧಕ್ಕರ್ಧ ಸೀಮೆಜಾಲಿ ಬೆಳೆದಿತ್ತು. ಜಾಲಿ ಇಲ್ಲದ ಬಯಲಿನಲ್ಲಿ ಏಪ್ರಿಲ್ ಬಿಸಿಲಿಗೆ ಹಳದಿ ಟಿಟ್ಟಿಭ ಎಂಬ ಒಣನೆಲದ ಹಕ್ಕಿ ಮೊಟ್ಟೆ ಇಡುತ್ತಿತ್ತು. ಬೊಗಸೆಯಷ್ಟು ಅಗಲದ ತಗ್ಗು, ಸುತ್ತ ನಾಲ್ಕು ಕಲ್ಲು, ಮಣ್ಣಿನ ಬಣ್ಣದ್ದೇ ನಾಲ್ಕು ಮೊಟ್ಟೆ. ಕುರಿ ಕಾಯುವ ಅಜ್ಜ ತೋರಿಸಿದ್ದರು. ಕಣ್ಣಾರೆ ನೋಡಿದ್ದೇನೆ, ಆದರೆ ಯಾವ ವರ್ಷ, ಎಷ್ಟು ಜೋಡಿ, ಒಂದೂ ಬರೆದಿಟ್ಟಿಲ್ಲ. ಈಗ ಅಲ್ಲಿ ಆಳುದ್ದ ನೀರು. ನೀರು ಬಂದದ್ದಕ್ಕೆ ರೈತನ ಮಗನಾಗಿ ನನಗೂ ಸಂತೋಷವೇ. ಆದರೆ ಆ ಟಿಟ್ಟಿಭಗಳು ಎಲ್ಲಿಗೆ ಹೋದವು ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಒಂದು ಚೀಟಿಯೂ ಇಲ್ಲ.

ಅದಕ್ಕೇ ನಿಮಗೆ ಹೇಳುವುದು, ಇದೇ ಭಾನುವಾರ ಶುರು ಮಾಡಿ. ಅದೇ ಜಾಗ, ಅದೇ ಹೊತ್ತು, ಕಡಿಮೆಯೆಂದರೂ 15 ನಿಮಿಷ. ಅಪರೂಪದ್ದನ್ನು ಮಾತ್ರವಲ್ಲ, ಕಾಗೆ, ಗೊರವಂಕ ಸೇರಿ ಗುರುತು ಸಿಕ್ಕ ಎಲ್ಲವನ್ನೂ ಬರೆಯಿರಿ. ಪೂರ್ತಿ ಪಟ್ಟಿ ಇದ್ದರೆ ಮಾತ್ರ, ಅದರಲ್ಲಿಲ್ಲದ ಹಕ್ಕಿ ಅವತ್ತು ನಿಜಕ್ಕೂ ಕಾಣಲಿಲ್ಲ ಅಂತ ಮುಂದೆ ಓದುವವರು ನಂಬಬಹುದು. ಆಮೇಲೆ ಬೇಸಿಗೆಯಲ್ಲಿ ಕೆರೆಗೆ ಬೆನ್ನು ಹಾಕಿ, ಮೇಲಿನ ಬೀಳು ಹೊಲಗಳ ಕಡೆ ಒಂದು ಸುತ್ತು ಹೋಗಿ. ಹೋದ ಏಪ್ರಿಲ್‌ನಲ್ಲಿ ನಮ್ಮ ಕಡೆ ಉಳುಮೆಯಾಗದ ಒಂದು ರಾಗಿ ಹೊಲದಲ್ಲಿ ಹಳದಿ ಟಿಟ್ಟಿಭ ಒಂದು ಜೋಡಿ ಸಿಕ್ಕಿತು. ಗೂಡು ಕಾಣಲಿಲ್ಲ, ಹಾಗಾಗಿ ‘ಬಹುಶಃ’ ಅಂತಷ್ಟೇ ಬರೆದಿದ್ದೇನೆ.