ಎರಡು ಇನ್ವರ್ಟರ್, ಒಂದು ನ್ಯೂಟ್ರಲ್

ಮೊದಲು ಎರಡೂ ಇನ್ವರ್ಟರ್‌ಗಳ ಔಟ್‌ಪುಟ್ ಆಫ್ ಮಾಡಿ. ಫ್ರಿಜ್, ಟಿವಿ, ಚಾರ್ಜರ್ ಎಲ್ಲದರ ಪ್ಲಗ್ ಕಿತ್ತಿಡಿ. ಆಮೇಲೆ ಇದನ್ನು ಓದಿ.

ಎರಡು 5 ಕಿಲೋವ್ಯಾಟ್ ಆಫ್‌-ಗ್ರಿಡ್ ಇನ್ವರ್ಟರ್ ಜೋಡಿಸಿ ಸ್ಪ್ಲಿಟ್ ಫೇಸ್ ಮಾಡಿಸಿದ್ದೀರಿ, ಅಂದರೆ ಎರಡು ಲೈವ್ ವೈರ್, ಎರಡಕ್ಕೂ ಒಂದೇ ನ್ಯೂಟ್ರಲ್. ಹಾಲ್‌ನ ಫ್ಯಾನ್ ಹುಚ್ಚು ಹಿಡಿದಂಗೆ ತಿರುಗುತ್ತದೆ, ಅಡುಗೆ ಮನೆಯದು ತೆವಳುತ್ತದೆ. ಇನ್ವರ್ಟರ್ ಸ್ಕ್ರೀನ್ ಮಾತ್ರ ಎರಡೂ ಕಡೆ 230 ತೋರಿಸುತ್ತದೆ. ಎರಡನೇ ಇನ್ವರ್ಟರ್ ಬದಲಿಸಬೇಕಾ ಅಂತ ಕೇಳಿದ್ದೀರಿ. ಬೇಡ. ನಿಮ್ಮ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಬರುವ ವೈರ್, ಸಡಿಲ ಆಗಿದೆ. ಪೂರ್ತಿ ಬಿಡುವ ಮೊದಲು ಹಿಡಿಯಿರಿ.

ಇಷ್ಟು ಗಟ್ಟಿಯಾಗಿ ಹೇಳೋಕೆ ಕಾರಣ ಇದೆ. ನಮ್ಮದು ಕುಷ್ಟಗಿ ತಾಲ್ಲೂಕು, ದಾಳಿಂಬೆ ತೋಟದಲ್ಲೇ ಮನೆ. ಮುಂಚೆ ಕಂಬದಿಂದ ಎರಡು ಫೇಸ್ ಎಳೆದುಕೊಂಡಿದ್ದೆವು. ಒಂದು ಹೋದರೆ ಇನ್ನೊಂದಕ್ಕೆ ತಿರುಗಿಸಲು ಚೇಂಜ್‌ಓವರ್ ಇತ್ತು. ಹಾಗಾಗಿ ಮನೆಯೊಳಗೆ ವೈರಿಂಗ್ ಆಗಲೇ ಎರಡು ಭಾಗ, ನ್ಯೂಟ್ರಲ್ ಮಾತ್ರ ಒಂದೇ. ಸೋಲಾರ್ ಕೂರಿಸಲು ಬಂದ ಹುಡುಗ ಅಮೆರಿಕದ ಯಾವುದೋ ವಿಡಿಯೋ ನೋಡಿ ಕಲಿತವನು. ‘ಸ್ಪ್ಲಿಟ್ ಫೇಸ್ ಮಾಡಿದರೆ ಲೋಡ್ ಸಮ ಹಂಚುತ್ತೆ ಸರ್’ ಅಂದ. ಒಂದೊಂದು ಇನ್ವರ್ಟರ್‌ಗೆ ಒಂದೊಂದು ಭಾಗ ಕೊಟ್ಟ. ನಾನೂ ಹೂಂ ಅಂದೆ.

ಎಂಟು ತಿಂಗಳು ಚೆನ್ನಾಗಿಯೇ ನಡೆಯಿತು. ಏಪ್ರಿಲ್‌ನಲ್ಲಿ ಶುರುವಾಯಿತು. ಅವ್ವ ಒಂದು ಸಂಜೆ, ‘ತಮ್ಮಾ, ದೇವರ ಮನ್ಯಾಗಿನ ಬಲ್ಬ್ ಭಾಳ ಬೆಳಕ ಕೊಡಾಕತ್ತೈತಿ ನೋಡು’ ಅಂದಳು. ಅದು ಹಳೇ ಗುಂಡು ಬಲ್ಬ್. ಎಲ್‌ಇಡಿ ಆಗಿದ್ದರೆ ಗೊತ್ತೇ ಆಗುತ್ತಿರಲಿಲ್ಲ, ವೋಲ್ಟೇಜ್ ಏರಿದರೂ ಇಳಿದರೂ ಅದು ಹೆಚ್ಚುಕಮ್ಮಿ ಅಷ್ಟೇ ಬೆಳಕು ಕೊಡುತ್ತದೆ. ನಾನು ಇನ್ವರ್ಟರ್ ಹತ್ತಿರ ಹೋಗಿ ನೋಡಿದೆ. ಎರಡರಲ್ಲೂ 230. ಎಲ್ಲಾ ಸರಿ ಇದೆ ಅಂದುಕೊಂಡು ಬಂದೆ. ಎರಡು ದಿನ ಬಿಟ್ಟು ಫ್ಯಾನ್ ಆಟ ಶುರು. ಡೀಲರ್‌ಗೆ ಫೋನ್ ಮಾಡಿದರೆ ಎರಡನೇ ಮಷಿನ್‌ನ ಬೋರ್ಡ್ ಹೋಗಿದೆ, ಬದಲಿಸಬೇಕು ಅಂದರು. ನಾನು ಒಂದು ಇಡೀ ದಿನ ಕೂತು ಎರಡು ಇನ್ವರ್ಟರ್‌ಗಳ ಜಾಗ ಅದಲುಬದಲು ಮಾಡಿದೆ. ಮಂದ ಇದ್ದ ಕಡೆ ಮಂದವೇ, ಜೋರು ಇದ್ದ ಕಡೆ ಜೋರೇ. ಮಷಿನ್ ತಪ್ಪಿಲ್ಲ ಅಂತ ಅಲ್ಲೇ ಗೊತ್ತಾಗಬೇಕಿತ್ತು. ಆದರೂ ಬೋರ್ಡ್‌ಗೆ ಅಡ್ವಾನ್ಸ್ ಹಾಕಿದೆ.

ಭಾನುವಾರ ಬೆಳಿಗ್ಗೆ ಬೋರ್ ಪಂಪ್ ಹಾಕಿದೆ. ಒಂದೂವರೆ ಹೆಚ್‌ಪಿ, ಸಿಂಗಲ್ ಫೇಸ್. ಪಂಪ್ ಏಳಲೇ ಇಲ್ಲ. ಆದರೆ ಮನೆಯೊಳಗಿಂದ ಫ್ಯಾನ್ ಕಿರುಚಿದ ಸದ್ದು ಬಂತು. ದೇವರ ಮನೆಯ ಬಲ್ಬ್ ಪಟ್ ಅಂತ ಒಡೆಯಿತು. ನಾನು ಓಡಿ ಹೋಗಿ ಆಫ್ ಮಾಡುವಷ್ಟರಲ್ಲಿ ಫ್ರಿಜ್ ಹಿಂದೆ ಹೊಗೆ. ಟಿವಿ, ಎರಡು ಚಾರ್ಜರ್, ಫ್ರಿಜ್ ಕಂಪ್ರೆಸರ್ ಎಲ್ಲಾ ಹೋಯಿತು. ಒಟ್ಟು 38 ಸಾವಿರ. ಅಪ್ಪನ ಇನ್ಸುಲಿನ್ ಫ್ರಿಜ್‌ನಲ್ಲಿತ್ತು. ಅವ್ವ ಅದನ್ನು ಡಬ್ಬಿಗೆ ಹಾಕಿ, ಒದ್ದೆ ಬಟ್ಟೆ ಸುತ್ತಿದ ಹರವಿಯೊಳಗೆ ಇಟ್ಟಳು. ಒಂದು ವಾರ ಹಾಗೇ ಕಳೆಯಿತು.

ಮಧ್ಯಾಹ್ನ ನಮ್ಮೂರ ಹಳೇ ಲೈನ್‌ಮನ್ ಕಾಕಾ ಬಂದರು. ಇನ್ವರ್ಟರ್ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಮೇನ್ ಬೋರ್ಡ್‌ಗೆ ಹೋಗಿ ಮೂರು ಕಿಟ್‌ಕ್ಯಾಟ್ ಫ್ಯೂಸ್‌ಗಳಲ್ಲಿ ನಡುವಿನದನ್ನು ಎಳೆದರು. ಬಿಳಿ ಪಿಂಗಾಣಿ ಒಂದು ಬದಿ ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿತ್ತು. ಹಿತ್ತಾಳೆ ಹಿಡಿ ನೀಲಿ ಆಗಿ ಅಗಲ ಬಿಟ್ಟಿತ್ತು. ಒಳಗಿನ ತಂತಿ ಕರಗಿ ಎರಡು ಸಣ್ಣ ಗುಂಡು ಆಗಿ ನಿಂತಿತ್ತು. ‘ತಮ್ಮಾ, ನ್ಯೂಟ್ರಲ್‌ಗ ಯಾಕ ಫ್ಯೂಸ್ ಬಿಟ್ಟೀದಿ?’ ಅಂದರು.

ಆ ಫ್ಯೂಸ್ ಅಜ್ಜನ ಕಾಲದ್ದು. ಸೋಲಾರ್ ಹಾಕುವಾಗ ಆ ಹುಡುಗನೇ ಅದನ್ನು ತೆಗೆದು ನೇರ ಲಿಂಕ್ ಹಾಕೋಣ ಅಂದಿದ್ದ. ನಾನೇ ಬೇಡ ಅಂದೆ, ಇರಲಿ, ಇನ್ನೊಂದು ಫ್ಯೂಸ್ ಇದ್ದರೆ ಇನ್ನಷ್ಟು ಸೇಫ್ ಅಂತ. ಇದೇ ನನ್ನ ತಪ್ಪು. ನೀವು ಬೇರೆ ಏನು ಮರೆತರೂ ಪರವಾಗಿಲ್ಲ, ಇದನ್ನು ಪೂರ್ತಿ ಅರ್ಥ ಮಾಡಿಕೊಳ್ಳಿ.

ಸಾಮಾನ್ಯ ಸಿಂಗಲ್ ಫೇಸ್ ಮನೆಯಲ್ಲಿ ನ್ಯೂಟ್ರಲ್ ಫ್ಯೂಸ್ ಹೋದರೆ ಏನಾಗುತ್ತದೆ? ದೀಪ ಆರುತ್ತದೆ. ಅಷ್ಟೇ. ಅದೂ ಸರಿಯಲ್ಲ, ದೀಪ ಆರಿದರೂ ವೈರ್‌ನಲ್ಲಿ ಕರೆಂಟ್ ಇರುತ್ತದೆ, ಮುಟ್ಟಿದರೆ ಹೊಡೆಯುತ್ತದೆ. ಆದರೆ ವಸ್ತು ಸುಡುವುದಿಲ್ಲ. ಸ್ಪ್ಲಿಟ್ ಫೇಸ್‌ನಲ್ಲಿ ಹಾಗಲ್ಲ. ಎರಡು ಇನ್ವರ್ಟರ್ ಒಂದಕ್ಕೊಂದು ಪೂರ್ತಿ ಉಲ್ಟಾ ನಡೆಯುತ್ತವೆ. ಒಂದು ಮೇಲೆ ಹೋದಾಗ ಇನ್ನೊಂದು ಕೆಳಗೆ. ಹಾಗಾಗಿ ಎರಡು ಲೈವ್ ವೈರ್‌ಗಳ ಮಧ್ಯೆ 460 ವೋಲ್ಟ್ ಇರುತ್ತದೆ. ಕಂಬದ ಎರಡು ಫೇಸ್‌ಗಳ ಮಧ್ಯೆ ಇರುವ 400ಕ್ಕಿಂತಲೂ ಜಾಸ್ತಿ. ಈ 460 ಅನ್ನು ನಡುವೆ ಹಿಡಿದು 230, 230 ಅಂತ ಪಾಲು ಮಾಡಿ ಕೊಡುವುದು ನ್ಯೂಟ್ರಲ್ ಒಂದೇ. ಅದು ಹೋದರೆ ದೀಪ ಆರುವುದಿಲ್ಲ. ಒಂದು ಬದಿಯ ಸಾಮಾನು, ಇನ್ನೊಂದು ಬದಿಯ ಸಾಮಾನು ಒಂದರ ಹಿಂದೆ ಒಂದು ಸರಪಳಿ ಆಗಿ 460 ಅನ್ನು ತಾವೇ ಹಂಚಿಕೊಳ್ಳುತ್ತವೆ. ಅದೂ ಉಲ್ಟಾ ಲೆಕ್ಕದಲ್ಲಿ: ಲೋಡ್ ಕಡಿಮೆ ಇದ್ದ ಕಡೆಗೇ ವೋಲ್ಟೇಜ್ ಜಾಸ್ತಿ. ಒಂದು ಬದಿಗೆ 1500 ವ್ಯಾಟ್, ಇನ್ನೊಂದು ಬದಿಗೆ 150 ವ್ಯಾಟ್ ಇದೆ ಅಂದುಕೊಳ್ಳಿ. 1500ರ ಕಡೆಗೆ ಸುಮಾರು 42 ವೋಲ್ಟ್, 150ರ ಕಡೆಗೆ ಸುಮಾರು 418. ನಮ್ಮ ಮನೆಯಲ್ಲಿ ಪಂಪ್ ಇದ್ದ ಬದಿ ಭಾರ, ಫ್ರಿಜ್ ಮತ್ತು ಟಿವಿ ಇದ್ದ ಬದಿ ಹಗುರ. ಪಂಪ್ ಶುರುವಾಗುವಾಗ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಆಗಲೇ ಸಡಿಲವಾಗಿ ಬಿಸಿಯಾಗಿದ್ದ ನ್ಯೂಟ್ರಲ್ ಫ್ಯೂಸ್ ಆ ಏಟಿಗೆ ಹೋಯಿತು.

ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಯಾಕೆ ಬೀಳಲಿಲ್ಲ ಅಂತ ನಾನೂ ಕೇಳಿದೆ. ಎಂಸಿಬಿ ನೋಡುವುದು ಕರೆಂಟ್, ವೋಲ್ಟೇಜ್ ಅಲ್ಲ. ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ನೋಡುವುದು ಹೋದ ಕರೆಂಟ್ ವಾಪಸ್ ಬಂತಾ ಅಂತ. ಇಲ್ಲಿ ವಾಪಸ್ ಬರುತ್ತಲೇ ಇತ್ತು. ಇನ್ವರ್ಟರ್ ಸ್ಕ್ರೀನ್ ತನ್ನ ಟರ್ಮಿನಲ್‌ನಲ್ಲಿ ಇರುವುದನ್ನು ಮಾತ್ರ ತೋರಿಸುತ್ತದೆ. ಅಲ್ಲಿ 230 ಸರಿಯಾಗೇ ಇತ್ತು. ಮನೆ ಬೋರ್ಡ್‌ನಲ್ಲಿ ಏನಿದೆ ಅಂತ ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಆ ಇಡೀ ವಾರ ಮಲ್ಟಿಮೀಟರ್ ನನ್ನ ಡ್ರಾಯರ್‌ನಲ್ಲೇ ಇತ್ತು.

ಈಗ ನಿಮ್ಮ ಮನೆಗೆ ಬರೋಣ. ಒಬ್ಬ ಒಳ್ಳೇ ವೈರ್‌ಮನ್ ಕರೆಸಿ. ಸಾಮಾನಿನ ಪ್ಲಗ್ ಎಲ್ಲಾ ಕಿತ್ತಿದ್ದು, ಫ್ಯಾನ್ ಮಾತ್ರ ಇಟ್ಟುಕೊಂಡು, ಸ್ವಲ್ಪ ಹೊತ್ತು ಆನ್ ಮಾಡಿ ಮೂರು ಅಳತೆ ತೆಗೆಸಿ: ಮೊದಲ ಲೈವ್‌ನಿಂದ ನ್ಯೂಟ್ರಲ್, ಎರಡನೇ ಲೈವ್‌ನಿಂದ ನ್ಯೂಟ್ರಲ್, ಲೈವ್‌ನಿಂದ ಲೈವ್. ಇನ್ವರ್ಟರ್ ಹತ್ತಿರ ಒಮ್ಮೆ, ಮನೆ ಬೋರ್ಡ್‌ನಲ್ಲಿ ಒಮ್ಮೆ. ಇನ್ವರ್ಟರ್‌ನಲ್ಲಿ 230 ಮತ್ತು 230, ಬೋರ್ಡ್‌ನಲ್ಲಿ 190 ಮತ್ತು 270 ಬಂದರೆ, ಕೂಡಿಸಿ ನೋಡಿ, 460 ಹಾಗೇ ಇರುತ್ತದೆ. ಅಂದರೆ ಆ ಎರಡು ಜಾಗದ ನಡುವೆ ಎಲ್ಲೋ ನ್ಯೂಟ್ರಲ್ ಸಡಿಲ. ಫ್ಯೂಸ್, ಅಲ್ಯೂಮಿನಿಯಂ ವೈರ್‌ಗೆ ತಾಮ್ರ ಸುತ್ತಿ ಟೇಪ್ ಹಾಕಿದ ಜಾಯಿಂಟ್, ಸ್ಕ್ರೂ ಬಿಗಿಯಾಗದ ಲಿಂಕ್, ಈ ಮೂರನ್ನು ಮೊದಲು ನೋಡಿ. ಲೈವ್‌ನಿಂದ ಲೈವ್ 400 ಹತ್ತಿರ ಬಂದರೆ ಸೆಟ್ಟಿಂಗ್ ಥ್ರೀ ಫೇಸ್‌ನಲ್ಲಿದೆ ಅಂತ ಅರ್ಥ. ಅದು ಬೇರೆ ವಿಷಯ.

ನ್ಯೂಟ್ರಲ್ ಸರಿ ಮಾಡಿಸಿದ ಮೇಲೂ ಸ್ಪ್ಲಿಟ್ ಫೇಸ್ ಇಟ್ಟುಕೊಳ್ಳಬೇಡಿ. ನಿಮ್ಮ ಪ್ರಶ್ನೆಯಲ್ಲಿ ಅದರ ಬಗ್ಗೆ ಅನುಮಾನವೇ ಇಲ್ಲ, ನನಗೆ ಬೇಜಾರಾಗಿದ್ದು ಅದಕ್ಕೇ. ಅಮೆರಿಕದಲ್ಲಿ ಮನೆಗೆ 120 ವೋಲ್ಟ್‌ನ ಎರಡು ಲೈನ್ ಬರುತ್ತವೆ, 60 ಹರ್ಟ್ಸ್. ದೊಡ್ಡ ಸಾಮಾನಿಗೆ 240 ಬೇಕು ಅಂತ ಎರಡನ್ನೂ ಸೇರಿಸಿಕೊಳ್ಳುತ್ತಾರೆ. ಅವರಿಗೆ ಅದು ಬೇಕು. ನಮಗೆ ಒಂದೇ ಲೈನ್‌ನಲ್ಲಿ 230 ಇದೆ, 50 ಹರ್ಟ್ಸ್. ರೊಟ್ಟಿ ಮಷಿನ್, ಬೋರ್ ಪಂಪ್ ಎಲ್ಲಾ ಅದರಲ್ಲೇ ಓಡುತ್ತವೆ. ನಮ್ಮ ಮನೆಯಲ್ಲಿ 460 ವೋಲ್ಟ್ ಕೇಳುವ ಒಂದೇ ಒಂದು ಸಾಮಾನಿಲ್ಲ. ಮೇಲಾಗಿ ಸ್ಪ್ಲಿಟ್‌ನಲ್ಲಿ ಪಂಪ್ ಎಬ್ಬಿಸುವ ಭಾರ ಪೂರ್ತಿ ಒಂದೇ ಇನ್ವರ್ಟರ್ ಮೇಲೆ ಬೀಳುತ್ತದೆ. ಪ್ಯಾರಲಲ್‌ನಲ್ಲಿ, ಅಂದರೆ ಎರಡರ ಔಟ್‌ಪುಟ್ ಒಂದೇ ಲೈನ್‌ಗೆ ಸೇರಿಸಿದರೆ, ಎರಡೂ ಹೊರುತ್ತವೆ.

ನಿಮ್ಮ ಮಾಡೆಲ್ ಪ್ಯಾರಲಲ್‌ಗೆ ಒಪ್ಪಿದರೆ ಮಾತ್ರ ಹಾಗೆ ಮಾಡಿಸಿ. ಎರಡಕ್ಕೂ ಬ್ಯಾಟರಿ ಒಂದೇ ಬ್ಯಾಂಕ್ ಇರಬೇಕು, ಬ್ಯಾಟರಿ ಕೇಬಲ್ ಒಂದೇ ದಪ್ಪ, ಒಂದೇ ಉದ್ದ. ಕಂಪನಿ ಕೊಡುವ ಕಮ್ಯುನಿಕೇಶನ್ ಕೇಬಲ್, ಕರೆಂಟ್ ಶೇರಿಂಗ್ ಕೇಬಲ್ ಎರಡನ್ನೂ ಬಿಡಬೇಡಿ. ಸೆಟ್ಟಿಂಗ್ ಬದಲಿಸಿದ ಮೇಲೆ ಔಟ್‌ಪುಟ್ ವೈರ್ ಸೇರಿಸುವ ಮುಂಚೆ ಎರಡು ಲೈವ್‌ಗಳ ಮಧ್ಯೆ ಮೀಟರ್ ಇಡಿಸಿ. ಸೊನ್ನೆ ಹತ್ತಿರ ಬರಬೇಕು. 460 ಇದ್ದಾಗ ಸೇರಿಸಿದರೆ ಎರಡೂ ಮಷಿನ್ ಹೋಗುತ್ತವೆ.

ಇನ್ನೊಂದು, ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಕಾಕಾ ಒಬ್ಬರೇ ಹೇಳಿದ್ದು. ಸ್ಪ್ಲಿಟ್‌ನಲ್ಲಿ ನ್ಯೂಟ್ರಲ್ ಹೊರುವುದು ಎರಡು ಬದಿಯ ವ್ಯತ್ಯಾಸದ ಕರೆಂಟ್ ಅಷ್ಟೇ. ಪ್ಯಾರಲಲ್‌ನಲ್ಲಿ ಎರಡರದ್ದೂ ಕೂಡಿ ಬರುತ್ತದೆ. 10 ಕಿಲೋವ್ಯಾಟ್ ಅಂದರೆ ಸುಮಾರು 43 ಆಂಪಿಯರ್. ಹಳೇ ತೆಳ್ಳಗಿನ ನ್ಯೂಟ್ರಲ್ ಹಾಗೇ ಬಿಟ್ಟು ಸೆಟ್ಟಿಂಗ್ ಮಾತ್ರ ಬದಲಿಸಿದರೆ ಗೋಡೆಯೊಳಗೆ ವೈರ್ ಬಿಸಿಯಾಗುತ್ತದೆ. ನಾನು ಇನ್ವರ್ಟರ್‌ನಿಂದ ಬೋರ್ಡ್‌ವರೆಗೆ 16 ಚದರ ಮಿಲಿಮೀಟರ್ ತಾಮ್ರ ಹಾಕಿಸಿದೆ, ನ್ಯೂಟ್ರಲ್‌ಗೆ ನೇರ ಲಿಂಕ್. ಬೋರ್ಡ್‌ನಲ್ಲಿ ಓವರ್ ವೋಲ್ಟೇಜ್ ಪ್ರೊಟೆಕ್ಟರ್ ಕೂಡ ಕೂರಿಸಿದೆ. ಮಾಡೆಲ್ ಪ್ಯಾರಲಲ್‌ಗೆ ಒಪ್ಪದಿದ್ದರೆ ಮನೆಗೆ ಒಂದು, ಪಂಪ್‌ಗೆ ಒಂದು ಇನ್ವರ್ಟರ್ ಕೊಟ್ಟು ನ್ಯೂಟ್ರಲ್ ಪೂರ್ತಿ ಬೇರೆ ಬೇರೆ ಎಳೆಸಿ.

ಆ ಮೂರು ಅಳತೆ ಸಿಕ್ಕ ತಕ್ಷಣ ಇಲ್ಲೇ ಬರೆಯಿರಿ, ನೋಡುತ್ತೇನೆ. ಪಂಪ್ ಯಾವ ಬದಿಗಿದೆ ಅಂತಲೂ ಹೇಳಿ. ಅಲ್ಲಿವರೆಗೆ ಪಂಪ್ ಹಾಕಬೇಡಿ.