ಓದುಗರ ಪ್ರಶ್ನೆಗಳಿಗೆ ಉತ್ತರ: ಮೇವಿನ ತೂಕ, ಮೇವಿನೊಳಗಿನ ನೀರಿನ ತೂಕ

ಪ್ರಶ್ನೆ: ನನ್ನ ಹಸು ಸುಮಾರು 400 ಕಿಲೋ ತೂಗುತ್ತದೆ. ಮೂರನೆಯ ಸೂಲಿನ ಈ ಹಸು ದಿನಕ್ಕೆ 10 ಲೀಟರ್ ಹಾಲು ಕೊಡುತ್ತಿತ್ತು. ಹಾಲಿನ ಜಿಡ್ಡು ಶೇ. 4ರ ಆಸುಪಾಸು. 20 ಕಿಲೋ ಹಸಿ ಮೆಕ್ಕೆಜೋಳದ ಮೇವು, 5 ಕಿಲೋ ಒಣಹುಲ್ಲು, 3 ಕಿಲೋ ದಾಣಿ ಮಿಶ್ರಣ, ಹೀಗೆ ದಿನಕ್ಕೆ 28 ಕಿಲೋ ಆಹಾರ ಹಾಕುತ್ತಿದ್ದರೂ ಹಾಲು 8 ಲೀಟರಿಗೆ ಇಳಿದಿದೆ. ಇನ್ನೆಷ್ಟು ಹೆಚ್ಚಿಸಬೇಕು?

ಉತ್ತರ: ಹೆಚ್ಚಿಸುವ ಮಾತಿಗೆ ಮೊದಲು, ಆ 28 ಕಿಲೋದಲ್ಲಿ ಆಹಾರವೆಷ್ಟು, ನೀರೆಷ್ಟು ಎಂಬುದನ್ನು ಬಿಡಿಸಿ ನೋಡಬೇಕು. ಹಸಿ ಮೇವಿನಲ್ಲಿ ನೀರನ್ನು ಕಳೆದು ಉಳಿಯುವ ಒಣ ಪದಾರ್ಥ ಶೇ. 20ರಷ್ಟಿದ್ದರೆ, ನಿಮ್ಮ 20 ಕಿಲೋ ಮೇವಿನಲ್ಲಿರುವುದು ಕೇವಲ 4 ಕಿಲೋ ಆಹಾರ. ಒಣಹುಲ್ಲಿನಲ್ಲಿಯೂ ದಾಣಿಯಲ್ಲಿಯೂ ಒಣ ಪದಾರ್ಥ ಸುಮಾರು ಶೇ. 90 ಇರುವುದರಿಂದ ಅವುಗಳಿಂದ ಕ್ರಮವಾಗಿ 4.5 ಕಿಲೋ ಮತ್ತು 2.7 ಕಿಲೋ ಸಿಗುತ್ತದೆ. ಒಟ್ಟು 11.2 ಕಿಲೋ. ಹಾಲು ಕೊಡುವ ಹಸು ತನ್ನ ತೂಕದ ಶೇ. 2.5ರಿಂದ 3ರಷ್ಟು ಒಣ ಪದಾರ್ಥವನ್ನು ತಿನ್ನಬಲ್ಲದು. ಎಂದರೆ ನಿಮ್ಮ ಹಸುವಿನ ಹೊಟ್ಟೆಯ ಮಿತಿ 10ರಿಂದ 12 ಕಿಲೋ. ಅದು ಈಗಾಗಲೇ ಹೆಚ್ಚುಕಡಿಮೆ ತುಂಬಿದೆ. ಇರುವುದನ್ನೇ ಇನ್ನಷ್ಟು ಸುರಿದರೆ ಅದು ಗೋದಲಿಯಲ್ಲಿ ಉಳಿಯುತ್ತದೆಯೇ ಹೊರತು ಹಾಲಾಗುವುದಿಲ್ಲ.

ಇನ್ನು ಅಗತ್ಯದ ಲೆಕ್ಕ. 400 ಕಿಲೋ ತೂಕದ ಹಸುವಿನ ಬರಿಯ ದೇಹಪೋಷಣೆಗೆ ದಿನಕ್ಕೆ ಸುಮಾರು 3.1 ಕಿಲೋ ಒಟ್ಟು ಜೀರ್ಣವಾಗುವ ಪೋಷಕಾಂಶ, ಅಂದರೆ ಪಶುಪಾಲಕರ ಬಾಯಲ್ಲಿ ಟಿ.ಡಿ.ಎನ್. ಎನಿಸಿಕೊಳ್ಳುವ ಶಕ್ತಿಯ ಅಳತೆ, ಮತ್ತು ಸುಮಾರು 320 ಗ್ರಾಂ ಕಚ್ಚಾ ಪ್ರೋಟೀನ್ (ಆಹಾರದ ಸಾರಜನಕವನ್ನು ಅಳೆದು ಲೆಕ್ಕಹಾಕುವ ಒಟ್ಟು ಪ್ರೋಟೀನ್) ಬೇಕು. ಶೇ. 4 ಜಿಡ್ಡಿನ ಪ್ರತಿ ಕಿಲೋ ಹಾಲಿಗೆ ಇದರ ಮೇಲೆ ಸುಮಾರು 0.32 ಕಿಲೋ ಟಿ.ಡಿ.ಎನ್., 90 ಗ್ರಾಂ ಪ್ರೋಟೀನ್ ಸೇರಿಸಬೇಕು. ಲೀಟರನ್ನೇ ಕಿಲೋ ಎಂದು ಹಿಡಿದರೆ 10 ಲೀಟರ್ ಹಾಲಿನ ಹಸುವಿಗೆ ಒಟ್ಟು 6.3 ಕಿಲೋ ಟಿ.ಡಿ.ಎನ್., 1,220 ಗ್ರಾಂ ಪ್ರೋಟೀನ್ ಆಯಿತು. (ಮೊದಲ ಸೂಲಿನ ಹಸು ಇನ್ನೂ ಬೆಳೆಯುತ್ತಿರುವುದರಿಂದ ಅದರ ದೇಹಪೋಷಣೆಯ ಅಂಕಿಗೆ ಶೇ. 20, ಎರಡನೆಯ ಸೂಲಿನದಕ್ಕೆ ಶೇ. 10 ಕೂಡಿಸುವುದು ರೂಢಿ. ನಿಮಗೆ ಅದು ಬೇಕಿಲ್ಲ.)

ನೀವು ಕೊಡುತ್ತಿರುವುದರಲ್ಲಿ ಏನಿದೆ? ಒಣ ಆಧಾರದಲ್ಲಿ, ಅಂದರೆ ನೀರು ಕಳೆದ ತೂಕದ ಮೇಲೆ, ಮೆಕ್ಕೆಜೋಳದ ಮೇವಿಗೆ ಶೇ. 60 ಟಿ.ಡಿ.ಎನ್., ಶೇ. 8 ಪ್ರೋಟೀನ್, ಹುಲ್ಲಿಗೆ ಶೇ. 40 ಮತ್ತು ಶೇ. 3.5, ದಾಣಿಗೆ ಶೇ. 75 ಮತ್ತು ಶೇ. 18 ಎಂದು ಹಿಡಿದು ಗುಣಿಸಿದರೆ, ಟಿ.ಡಿ.ಎನ್. 2.4, 1.8 ಮತ್ತು 2.0 ಸೇರಿ 6.2 ಕಿಲೋ ಆಗುತ್ತದೆ; ಪ್ರೋಟೀನ್ 320, 158 ಮತ್ತು 486 ಸೇರಿ 964 ಗ್ರಾಂ ಆಗುತ್ತದೆ. ಶಕ್ತಿ ಬಹುತೇಕ ಸರಿಹೋಗಿದೆ. ಕೊರತೆ ಇರುವುದು ಪ್ರೋಟೀನಿನಲ್ಲಿ, ಅದೂ 256 ಗ್ರಾಂ, ಎಂದರೆ ಸುಮಾರು ಮೂರು ಲೀಟರ್ ಹಾಲಿಗೆ ಬೇಕಾಗುವಷ್ಟು. ಒಂದಿಷ್ಟು ಕಾಲ ಹಸು ತನ್ನ ಮೈಯನ್ನೇ ಕರಗಿಸಿ ಹಾಲು ಕೊಟ್ಟಿತು. ಅದೂ ಮುಗಿದ ಮೇಲೆ ಹಾಲು ಇಳಿಯಿತು ಎಂದು ನಾನು ಊಹಿಸುತ್ತೇನೆ. ಹೊಟ್ಟೆಯಲ್ಲಿ ನಾರನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳಿಗೂ ಪ್ರೋಟೀನಿನಲ್ಲಿರುವ ಸಾರಜನಕ ಬೇಕಾದ್ದರಿಂದ, ಪ್ರೋಟೀನ್ ತೀರ ಕುಸಿದರೆ ಹುಲ್ಲು ಜೀರ್ಣವಾಗುವುದೂ ನಿಧಾನವಾಗುತ್ತದೆ.

ದಿನಕ್ಕೆ 2 ಕಿಲೋ ಒಣಹುಲ್ಲನ್ನು ಕಡಿಮೆ ಮಾಡಿ, ಅದರ ಜಾಗದಲ್ಲಿ 10 ಕಿಲೋ ಹಸಿ ಕುದುರೆಮಸಾಲೆಯನ್ನೋ ಅಂತಹ ಬೇರೆ ದ್ವಿದಳ ಮೇವನ್ನೋ ಕೊಡಿ. ಅದರಲ್ಲಿ 2 ಕಿಲೋ ಒಣ ಪದಾರ್ಥವೂ ಅದರ ಶೇ. 18ರಷ್ಟು ಪ್ರೋಟೀನೂ ಇದ್ದರೆ, ಹುಲ್ಲಿನಿಂದ ಹೋಗುವ 63 ಗ್ರಾಂ ಕಳೆದು 360 ಗ್ರಾಂ ಬಂದು ಒಟ್ಟು ಪ್ರೋಟೀನ್ ಸುಮಾರು 1,260 ಗ್ರಾಂ ಆಗುತ್ತದೆ, ಟಿ.ಡಿ.ಎನ್. 6.7 ಕಿಲೋ ಮುಟ್ಟುತ್ತದೆ. ಒಣ ಪದಾರ್ಥ 11.4 ಕಿಲೋ ಆಗಿ ಹೊಟ್ಟೆಯ ಮಿತಿಯೊಳಗೇ ಉಳಿಯುತ್ತದೆ. ಈ ಬದಲಾವಣೆಯನ್ನು ಒಂದೇ ದಿನ ಮಾಡದೆ, ಹತ್ತು ಹನ್ನೆರಡು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಮಾಡಿ. ಹಸಿ ದ್ವಿದಳ ಮೇವನ್ನು ಹಸಿದ ಹೊಟ್ಟೆಗೆ ಏಕಾಏಕಿ ಹಾಕಿದರೆ ಹೊಟ್ಟೆಯುಬ್ಬರದ ಭಯವಿದೆ.

ನಾನು ಹಿಡಿದಿರುವ ಶೇಕಡಾ ಅಂಕಿಗಳು ಸರಾಸರಿಗಳು. ಎಳೆಯ ಮೇವಿನಲ್ಲಿ ಒಣ ಪದಾರ್ಥ ಶೇ. 15ಕ್ಕೆ ಇಳಿಯಬಹುದು, ಬಲಿತದ್ದರಲ್ಲಿ ಶೇ. 25 ದಾಟಬಹುದು. ಆದುದರಿಂದ ಮೇವನ್ನು ಸಣ್ಣಗೆ ಕತ್ತರಿಸಿ 100 ಗ್ರಾಂ ತೂಗಿ, ಹದವಾದ ಶಾಖದಲ್ಲಿ ಒಣಗಿಸಿ, ಎರಡು ಸಲ ತೂಗಿದಾಗ ತೂಕ ಒಂದೇ ಬರುವವರೆಗೂ ಕಾಯಿರಿ. ಕೊನೆಗೆ ಉಳಿದ ಗ್ರಾಮುಗಳೇ ನಿಮ್ಮ ಮೇವಿನ ಒಣ ಪದಾರ್ಥದ ಶೇಕಡಾವಾರು.

ಪ್ರಶ್ನೆ: ಶೇ. 18 ಪ್ರೋಟೀನಿನ ದಾಣಿಗಾಗಿ ಪಿಯರ್ಸನ್ ಚೌಕದ (ಎರಡು ಪದಾರ್ಥಗಳನ್ನು ಎಷ್ಟೆಷ್ಟು ಪಾಲು ಬೆರೆಸಬೇಕೆಂದು ಲೆಕ್ಕಹಾಕುವ ವಿಧಾನ) ಪ್ರಕಾರ ಮೆಕ್ಕೆಜೋಳ ಮತ್ತು ಹಿಂಡಿಯನ್ನು ಸೇರಿಸಿ 100 ಕಿಲೋ ಮಾಡಿದೆ. ಅದಕ್ಕೆ 2 ಕಿಲೋ ಖನಿಜ ಮಿಶ್ರಣ, 1 ಕಿಲೋ ಉಪ್ಪು ಬೆರೆಸಿದೆ. ಪರೀಕ್ಷೆಗೆ ಕಳುಹಿಸಿದಾಗ ಶೇ. 17.5 ಬಂದಿತು. ಚೌಕ ತಪ್ಪೇ, ಪರೀಕ್ಷೆ ತಪ್ಪೇ?

ಉತ್ತರ: ಎರಡೂ ಸರಿ. ಮೆಕ್ಕೆಜೋಳದ ಪ್ರೋಟೀನ್ ಶೇ. 9, ಹಿಂಡಿಯದು ಶೇ. 40 ಎಂದಿಟ್ಟುಕೊಂಡರೆ, ಎಡಗಡೆಯ ಎರಡು ಮೂಲೆಗಳಲ್ಲಿ 9 ಮತ್ತು 40, ನಡುವೆ 18 ಬರೆದು ಕರ್ಣದ ಗುಂಟ ಕಳೆದಾಗ ಜೋಳ 22 ಭಾಗ, ಹಿಂಡಿ 9 ಭಾಗ ಎಂದು ಬರುತ್ತದೆ. ಇದರಂತೆ ಮಾಡಿದ 100 ಕಿಲೋದಲ್ಲಿ 18 ಕಿಲೋ ಪ್ರೋಟೀನ್ ಇದ್ದೇ ಇತ್ತು. ನೀವು ಅದರ ಮೇಲೆ ಪ್ರೋಟೀನೇ ಇಲ್ಲದ 3 ಕಿಲೋ ಸೇರಿಸಿದಿರಿ. 18ನ್ನು 103ರಿಂದ ಭಾಗಿಸಿದರೆ ಬರುವುದು ಶೇ. 17.5.

ಉಪ್ಪು ಮತ್ತು ಖನಿಜದ ಜಾಗವನ್ನು ಮೊದಲೇ ಬಿಡಬೇಕು. ಉಳಿದ 97 ಕಿಲೋ 18 ಕಿಲೋ ಪ್ರೋಟೀನ್ ಕೊಡಬೇಕಾದ್ದರಿಂದ ಚೌಕದ ನಡುವೆ ಬರೆಯಬೇಕಾದುದು 18 ಅಲ್ಲ, 18.56. ಆಗ ಜೋಳ 67.1 ಕಿಲೋ, ಹಿಂಡಿ 29.9 ಕಿಲೋ ಬರುತ್ತದೆ. ಬೂಸಾವನ್ನೂ ಸೇರಿಸುವುದಾದರೆ, ಜೋಳ ಮತ್ತು ಬೂಸಾದ ಪ್ರಮಾಣವನ್ನು ನೀವೇ ಮೊದಲು ನಿಶ್ಚಯಿಸಿ ಒಂದು ಗುಂಪಾಗಿಸಿಕೊಳ್ಳಿ: ಶೇ. 9ರ ಜೋಳ ಎರಡು ಪಾಲು, ಶೇ. 15ರ ಬೂಸಾ ಒಂದು ಪಾಲು ಕೂಡಿದರೆ ಗುಂಪಿನ ಸರಾಸರಿ ಶೇ. 11. ಚೌಕದ ಮೂಲೆಯಲ್ಲಿ 9ರ ಬದಲು ಈ 11ನ್ನು ಬರೆಯಿರಿ. ಬೇಕಾದ ಅಂಕಿ ಎರಡು ಮೂಲೆಗಳ ಅಂಕಿಗಳ ನಡುವೆ ಇರಲೇಬೇಕು, ಇಲ್ಲವಾದರೆ ಚೌಕ ಕೊಡುವ ಉತ್ತರಕ್ಕೆ ಅರ್ಥವಿಲ್ಲ. ಜೊತೆಗೆ, ಎರಡೂ ಪದಾರ್ಥಗಳ ತೇವ ಬೇರೆಬೇರೆಯಾಗಿದ್ದರೆ ಇಲ್ಲಿಯೂ ಒಣ ಆಧಾರಕ್ಕೆ ತಂದೇ ಲೆಕ್ಕ ಮಾಡಬೇಕು.

ಚೌಕಕ್ಕೆ ಒಂದು ಪೋಷಕಾಂಶ ಮಾತ್ರ ಕಾಣುತ್ತದೆ ಎಂಬುದನ್ನೂ ನೆನಪಿಡಿ. ಬೂಸಾದಲ್ಲಿ ರಂಜಕ ಹೇರಳ, ಸುಣ್ಣದಂಶ ಅತ್ಯಲ್ಪ. ಅದನ್ನು ಹೆಚ್ಚು ಬಳಸಿದ ಮಿಶ್ರಣದಲ್ಲಿ ಪ್ರೋಟೀನ್ ಸರಿಯಾಗಿದ್ದರೂ ಇವೆರಡರ ಅನುಪಾತ ತಲೆಕೆಳಗಾಗಿರುತ್ತದೆ. ಒಟ್ಟು ಆಹಾರದಲ್ಲಿ ಸುಣ್ಣದಂಶ ರಂಜಕಕ್ಕಿಂತ ಕಡಿಮೆಯಾಗದಂತೆ, ಸಾಧ್ಯವಾದರೆ ಅದರ ಒಂದೂವರೆಯಿಂದ ಎರಡು ಪಟ್ಟು ಇರುವಂತೆ ಸುಣ್ಣಕಲ್ಲಿನ ಪುಡಿಯಿಂದ ಸರಿದೂಗಿಸಿ.

ಪ್ರಶ್ನೆ: ಹಸುವಿಗೆಂದು ಮಾಡಿದ ಇದೇ ಮಿಶ್ರಣವನ್ನು ಪ್ರಮಾಣ ತಗ್ಗಿಸಿ ಕುರಿಗಳಿಗೂ ಕೊಡಬಹುದೇ?

ಉತ್ತರ: ಜೋಳ, ಹಿಂಡಿ ಸರಿ, ಹಸುವಿನ ಖನಿಜ ಮಿಶ್ರಣ ಕೂಡದು. ಪ್ರಮಾಣ ತಗ್ಗಿಸಿದರೆ ಕುರಿ ತಿನ್ನುವ ಕಿಲೋಗಳು ತಗ್ಗುತ್ತವೆಯೇ ವಿನಾ ಪ್ರತಿ ಕಿಲೋದೊಳಗಿನ ತಾಮ್ರ ತಗ್ಗುವುದಿಲ್ಲ. ಹಸು ಸಹಿಸಿಕೊಳ್ಳುವ ತಾಮ್ರವನ್ನು ಕುರಿಯ ಪಿತ್ತಜನಕಾಂಗ ಹೊರಹಾಕಲಾರದೆ ವಾರಗಟ್ಟಲೆ, ತಿಂಗಳುಗಟ್ಟಲೆ ಕೂಡಿಡುತ್ತದೆ. ಒಂದು ದಿನ ಅದು ಒಮ್ಮೆಲೇ ರಕ್ತಕ್ಕೆ ಬಿಡುಗಡೆಯಾದಾಗ ಕೆಂಪು ರಕ್ತಕಣಗಳು ಒಡೆದು, ಕಣ್ಣು ಹಳದಿಯಾಗಿ, ಮೂತ್ರ ಕಡುಗೆಂಪಾಗಿ, ನಿನ್ನೆಯವರೆಗೂ ಚೆನ್ನಾಗಿದ್ದ ಕುರಿ ಸಾಯುತ್ತದೆ. ಕುರಿಗಳಿಗೆಂದೇ ತಯಾರಾದ, ತಾಮ್ರ ಸೇರಿಸದ ಖನಿಜ ಮಿಶ್ರಣವನ್ನು ಬೇರೆ ಚೀಲದಲ್ಲಿಟ್ಟು ಬಳಸಿ. ಹಸುವಿನ ದಾಣಿ ಬೆರೆಸಿದ ತೊಟ್ಟಿಯಲ್ಲಿ ಕುರಿಯ ದಾಣಿ ಬೆರೆಸುವ ಮುನ್ನ ತೊಟ್ಟಿಯನ್ನು ಪೂರ್ತಿ ಗುಡಿಸಿಕೊಳ್ಳಿ.